ಮೊದಲು ಕೆಳಗೆ ಮಲಗಿ, ಆಮೇಲೆ ಮೇಲೆ ಹತ್ತಿ

ಪೆರುವಿಗೆ ಹೊರಟವರು ಫೋನ್ ಮಾಡಿದರೆ ವಿಚಾರಿಸುವುದು ಶೂ, ಜಾಕೆಟ್, ಮಲಗುವ ಚೀಲದ ಬಗ್ಗೆ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ? ‘ಕುಸ್ಕೋದಲ್ಲಿ’ ಎಂದರೆ ಅವರ ಪ್ಲ್ಯಾನು ತಲೆಕೆಳಗಾಗಿದೆ ಎಂದೇ ಲೆಕ್ಕ.

ಆಂಡಿಸ್‌ನ ತೊಡಕು ಅದರ ಸೌಕರ್ಯದಲ್ಲೇ ಇದೆ. ಲೀಮಾ ಕಡಲ ದಂಡೆಯ ಊರು. ಅಲ್ಲಿ ವಿಮಾನ ಹತ್ತಿ ಒಂದೂ ಕಾಲು ಗಂಟೆಯಲ್ಲಿ ಇಳಿದರೆ ನೀವು 3,400 ಮೀಟರ್ ಎತ್ತರದ ಕುಸ್ಕೋದಲ್ಲಿರುತ್ತೀರಿ. ಬೊಲಿವಿಯಾದ ಲಾ ಪಾಸ್‌ಗೆ ಹೋಗುವವರಂತೂ 4,000 ಮೀಟರ್ ದಾಟಿದ ಎಲ್ ಆಲ್ತೊ ನಿಲ್ದಾಣದಲ್ಲಿ ಇಳಿಯುತ್ತಾರೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ತೊಡೆಗಳಿಗೂ ಇಲ್ಲಿ ವಿಶೇಷ ಮರ್ಯಾದೆಯಿಲ್ಲ. ಗಟ್ಟಿಮುಟ್ಟಾದ ಹುಡುಗರು ಹೋಟೆಲ್ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿರುವಾಗ ಅರವತ್ತು ದಾಟಿದ ಅತ್ತೆಯವರು ಆರಾಮಾಗಿ ಸೂಪು ಕುಡಿಯುತ್ತಿರಬಹುದು. ವಿಮಾನದಲ್ಲಿ ಲೇಹ್‌ಗೆ ಹೋಗಿಬಂದವರಿಗೆ ಇದು ಹೊಸ ಸುದ್ದಿಯೇನಲ್ಲ.

ಎತ್ತರದಲ್ಲಿ ಆಮ್ಲಜನಕದ ಪಾಲು ಕಮ್ಮಿಯಾಗುತ್ತದೆ ಎಂಬ ಮಾತು ತಪ್ಪು. ಪಾಲು ಅದೇ ಶೇ 21. ಇಳಿಯುವುದು ಗಾಳಿಯ ಒತ್ತಡ. ಕುಸ್ಕೋದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು, 5,500 ಮೀಟರ್‌ಗೆ ಹೋದರೆ ಅರ್ಧ. ದೇಹ ಮೊದಲು ಮಾಡುವುದು ಜೋರಾಗಿ ಉಸಿರಾಡುವ ಕೆಲಸ. ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರವಾಗುತ್ತದೆ, ಮಿದುಳು ‘ಸಾಕು, ಉಸಿರು ತಗ್ಗಿಸು’ ಎಂದು ತಡೆ ಹಾಕುತ್ತದೆ. ಮೂತ್ರಪಿಂಡಗಳು ಹೆಚ್ಚುವರಿ ಕ್ಷಾರವನ್ನು ಹೊರಹಾಕಿ ಲೆಕ್ಕ ಸರಿಮಾಡಲು ಕೆಲವು ದಿನ ಬೇಕು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಗಾಬರಿಯಿಂದ ಎಚ್ಚರವಾಗುವುದು, ಎಲ್ಲ ಇದರ ಭಾಗವೇ. ಅಸೆಟಜೋಲಮೈಡ್ ಮಾತ್ರೆ ಈ ಮೂತ್ರಪಿಂಡದ ಕೆಲಸವನ್ನೇ ಚುರುಕುಗೊಳಿಸುತ್ತದೆ. ಹೊರಡುವ ಮುನ್ನ ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ. ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಸ್ಪೇನ್‌ನ ಪಾದ್ರಿ ಹೊಸೆ ದೆ ಅಕೋಸ್ತಾ ಪೆರುವಿನ ಪಾರಿಯಾಕಾಕಾ ಪರ್ವತ ದಾಟುವಾಗ ಹೊಟ್ಟೆ ತೊಳಸಿ ಸತ್ತೇ ಹೋಗುತ್ತೇನೆಂದುಕೊಂಡ. ಅಲ್ಲಿಯ ಗಾಳಿ ಮನುಷ್ಯರ ಉಸಿರಿಗೆ ಹೊಂದದಷ್ಟು ತೆಳು ಎಂದು ಊಹಿಸಿ 1590ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ವಾಯುಭಾರ ಮಾಪಕವೇ ಇನ್ನೂ ಹುಟ್ಟಿರದ ಕಾಲದಲ್ಲಿ ಇದು ಭಲೇ ಊಹೆ.

ಕುಸ್ಕೋದ ವಿಷಯಕ್ಕೆ ಬರೋಣ. ನಿಲ್ದಾಣದಿಂದ ನೇರ ಟ್ಯಾಕ್ಸಿ ಹಿಡಿದು ಉರುಬಂಬಾ ಕಣಿವೆಗೆ ಇಳಿಯಿರಿ. ಒಯಾಂತಾಯ್‌ತಾಂಬೊ ಎಂಬ ಅಲ್ಲಿಯ ಊರು ಸುಮಾರು 2,800 ಮೀಟರ್. ಮಾಚು ಪಿಚು ಇನ್ನೂ ಕೆಳಗೆ, 2,430. ಅದು ಮೋಡದ ಮೇಲಿನ ಊರೆಂದು ಪೋಸ್ಟರ್ ನೋಡಿ ನಂಬಿದವರಿಗೆ ಕುಸ್ಕೋ ಅದಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಮೇಲಿದೆ ಎಂದರೆ ನಂಬಿಕೆಯೇ ಬರುವುದಿಲ್ಲ. ಕಣಿವೆಯಲ್ಲಿ ಎರಡು ಮೂರು ರಾತ್ರಿ ಕಳೆದು ಕುಸ್ಕೋಗೆ ಮರಳಿ. ಮಾಚು ಪಿಚುಗೆ ನಡೆದು ಹೋಗುವ ಇಂಕಾ ಟ್ರೇಲ್ ಆಮೇಲೆ. ಅದರ ಅತಿ ಎತ್ತರದ ಪಾಸ್ 4,215 ಮೀಟರ್, ಪರವಾನಗಿ ತಿಂಗಳುಗಳ ಮುಂಚೆಯೇ ಖಾಲಿಯಾಗುತ್ತದೆ, ಫೆಬ್ರುವರಿಯಲ್ಲಿ ದಾರಿ ಮುಚ್ಚಿರುತ್ತದೆ.

ಆದರೆ ವಿನಿಕುಂಕಾ, ಅಂದರೆ ಕಾಮನಬಿಲ್ಲಿನ ಬಣ್ಣದ ಆ ಬೆಟ್ಟ? ನಸುಕಿಗೂ ಮುಂಚೆ ಕುಸ್ಕೋದಿಂದ ವ್ಯಾನು ಹೊರಟು, ಮಧ್ಯಾಹ್ನದೊಳಗೆ 5,000 ಮೀಟರ್ ಮೇಲೆ ಫೋಟೊ ತೆಗೆಸಿ, ಸಂಜೆಗೆ ವಾಪಸ್. ಬಂದ ಎರಡನೇ ದಿನವೇ ಇದನ್ನು ಮಾಡಿಸುವ ಏಜೆಂಟರಿದ್ದಾರೆ. ಚಾರಣ ಎಂಬ ಹೆಸರಿಗೆ ಇದು ಅವಮಾನ, ತಲೆಗೆ ಶಿಕ್ಷೆ.

ನನ್ನ ಮನಸ್ಸು ಇರುವುದು ಉತ್ತರಕ್ಕೆ, ಲೀಮಾದಿಂದ ಎಂಟು ಗಂಟೆ ಬಸ್ಸಿನ ದೂರದ ವಾರಾಸ್‌ನಲ್ಲಿ. 3,050 ಮೀಟರ್‌ನ ಈ ಊರಲ್ಲಿ ಮೂರು ನಾಲ್ಕು ದಿನ ಅಡ್ಡಾಡಿದರೆ ಸಾಂತಾ ಕ್ರೂಸ್ ದಾರಿಗೆ ದೇಹ ಸಿದ್ಧ. ಸುಮಾರು 50 ಕಿಲೋಮೀಟರ್, ಸಾಮಾನ್ಯವಾಗಿ ನಾಲ್ಕು ದಿನ. ಹೆಚ್ಚಿನ ಏಜೆನ್ಸಿಗಳು ಪೂರ್ವದ ವಾಕೇರಿಯಾದಿಂದ ಶುರುಮಾಡಿಸುತ್ತವೆ. ನನ್ನ ಓಟು ಪಶ್ಚಿಮದ ಕಾಶಾಪಂಪಾಗೆ. 2,900ರಿಂದ ಆರಂಭಿಸಿ, ಕಣಿವೆಯ ನೆಲ ಹಿಡಿದು, ಎದುರಿಗೆ ದಿನೇ ದಿನೇ ದೊಡ್ಡದಾಗುವ ತಾವುಲಿರಾಹು ಶಿಖರವನ್ನು ನೋಡುತ್ತ 4,750ರ ಪುಂತಾ ಉನಿಯೊನ್ ಪಾಸ್ ಮುಟ್ಟುವ ಸುಖ ಪೂರ್ವದ ಕಡೆಯಿಂದ ಬಂದವರಿಗಿಲ್ಲ.

ಆ ಕಣಿವೆಗಳಲ್ಲಿ ಕೆನ್ಯುವಾಲ್ ಮರಗಳಿವೆ. ಬೇರೆ ಮರಗಳೆಲ್ಲ ಸೋತು ಹಿಂದುಳಿದ ಎತ್ತರದಲ್ಲೂ ಕಾಡಾಗಿ ಬೆಳೆಯುವ ಗಿಡ್ಡ, ಸೊಟ್ಟ ಮರ. ಕೆಂಪು ತೊಗಟೆ ಪದರ ಪದರವಾಗಿ ಸುಲಿದು ಜೋತಾಡುತ್ತದೆ. ಬೆಳಕಿಗೆ ಹಿಡಿದರೆ ಒಂದೊಂದು ಪದರವೂ ಗಾಳಿಪಟದ ಕಾಗದ. ಹೊರೆಕತ್ತೆಗಳನ್ನು ನಡೆಸುವ ಆರಿಯೆರೋ ಇದರ ಬುಡದಲ್ಲಿ ಕೂತು ಬಟ್ಟೆಚೀಲ ಬಿಚ್ಚುತ್ತಾನೆ. ಕೋಕಾ ಎಲೆಗಳನ್ನು ಒಂದೊಂದಾಗಿ ಆರಿಸಿ ದವಡೆಗೆ ಸೇರಿಸಿ, ಪುಟ್ಟ ಸೋರೆಬುರುಡೆಯೊಳಗೆ ಕಡ್ಡಿ ಅದ್ದಿ ಸುಣ್ಣ ನೆಕ್ಕುತ್ತಾನೆ. ಎಲೆಯ ಸತ್ವ ಬಿಡುವುದು ಸುಣ್ಣ ಸೇರಿದ ಮೇಲೆಯೇ. ಆಮೇಲೆ ಎದ್ದು ಅವನು ನಡೆಯುವ ನಡಿಗೆಯನ್ನು ಗಮನಿಸಿ: ಎಲ್ಲೂ ಓಡುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ನಾವು ಐವತ್ತು ಹೆಜ್ಜೆ ಬಿರುಸಾಗಿ ಹಾಕಿ ಎರಡು ನಿಮಿಷ ಬಗ್ಗಿ ನಿಲ್ಲುವವರು. ಮಾತಾಡುತ್ತ ನಡೆಯಲಾಗದಷ್ಟು ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಅಂದಹಾಗೆ, ಕೋಕಾ ಚಹಾ ಅಲ್ಲೇ ಕುಡಿದು ಮುಗಿಸಿ. ಎಲೆಯಾಗಲಿ, ಚಹಾದ ಚೀಲವಾಗಲಿ ಬ್ಯಾಗಿನಲ್ಲಿ ಊರಿಗೆ ತಂದರೆ ನಮ್ಮ ಮಾದಕವಸ್ತು ಕಾಯ್ದೆಯಡಿ ಅಪರಾಧ.

4,000 ಮೀಟರ್‌ನಲ್ಲಿ ನೀರು 87 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕುಕ್ಕರಿಲ್ಲದೆ ಅನ್ನ ಬೇಯುವುದನ್ನು ಕಾಯುತ್ತ ಕೂರಬೇಡಿ. ಆಲೂಗಡ್ಡೆಯ ತವರಿಗೆ ಹೋಗಿ ಅನ್ನಕ್ಕೆ ಹಟ ಹಿಡಿಯುವುದೂ ತರವಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಸೂತ್ರ. ಸಾಂತಾ ಕ್ರೂಸ್‌ನ ಮೊದಲ ಬಿಡಾರ ವಾರಾಸ್‌ಗಿಂತ ಸುಮಾರು 700 ಮೀಟರ್ ಮೇಲಿದೆ. ವಾರಾಸ್‌ನ ದಿನಗಳನ್ನು ಮೊಟಕು ಮಾಡಬೇಡಿ ಎನ್ನುವುದು ಅದಕ್ಕೇ. ತಲೆನೋವಿದ್ದರೆ ಅಲ್ಲೇ ತಂಗಿ. ಹೆಜ್ಜೆ ತೂರಾಡಿದರೆ, ಕೂತಲ್ಲೂ ಉಬ್ಬಸ ಬಂದರೆ ರಾತ್ರಿಯಾದರೂ ಕೆಳಗಿಳಿಸಿ, ಬೆಳಗಾಗಲೆಂದು ಕಾಯಬೇಡಿ.

ಡಿಸೆಂಬರ್ ರಜೆಗೆ ಟಿಕೆಟ್ ನೋಡುತ್ತಿರುವವರಿಗೆ ಒಂದು ಮಾತು: ಅಲ್ಲಿ ಅದು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಒಣ ಕಾಲ. ಒಂದೇ ವಾರ ಬಿಡುವಿದ್ದರೆ ಉರುಬಂಬಾ ಕಣಿವೆ, ಮಾಚು ಪಿಚು ನೋಡಿ ಖುಷಿಯಾಗಿ ಬನ್ನಿ. ಸಾಂತಾ ಕ್ರೂಸನ್ನು ಎರಡು ವಾರ ಸಿಗುವ ವರ್ಷಕ್ಕೆ ಇಟ್ಟುಕೊಳ್ಳಿ.