ಗಾರೆ ತಪ್ಪದ ಲೆಕ್ಕ

ಹಂಪಿಯ ಕಮಲ ಮಹಲಿನ ಕಮಾನುಗಳ ಹತ್ತಿರ ನಿಂತು ನೋಡಿ. ಇಟ್ಟಿಗೆ ಕಟ್ಟಡಕ್ಕೆ ಮೆತ್ತಿದ ಸುಣ್ಣದ ಗಾರೆಯಲ್ಲಿ, ಹಸಿಯಿರುವಾಗಲೇ ತಿದ್ದಿದ ಚಿತ್ತಾರ ಅಲ್ಲಲ್ಲಿ ಇಂದಿಗೂ ಉಳಿದಿದೆ. ಆ ಕೈಚಳಕದಷ್ಟೇ ಸೊಗಸು ಗಾರೆಯೊಳಗಿನ ಲೆಕ್ಕ.

100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಪೂರ್ತಿ ಸುಟ್ಟರೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಮಿಕ್ಕ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಬೆಂದ ಕಲ್ಲನ್ನು ಎತ್ತಿದರೆ ಅದು ಎಷ್ಟು ಹಗುರ! ನೀರು ಹೊಯ್ದರೆ ಬುಸುಗುಟ್ಟಿ, ಹಬೆಯೆದ್ದು, ಅರಳುತ್ತದೆ. 18 ಕಿಲೋ ನೀರು ಒಳಸೇರಿ 74 ಕಿಲೋ ಆಗುತ್ತದೆ. ಮರಳಿನೊಡನೆ ಬೆರೆತು ಗೋಡೆಗೇರಿದ ಆ ಸುಣ್ಣ, ಗಾಳಿಯಿಂದ ಅದೇ 44 ಕಿಲೋ ನಿಧಾನವಾಗಿ ಹೀರಿ, 18 ಕಿಲೋ ನೀರು ಬಿಟ್ಟುಕೊಟ್ಟು, ಮತ್ತೆ 100 ಕಿಲೋ ಕಲ್ಲಾಗುತ್ತದೆ. ಗುಲಗಂಜಿಯಷ್ಟೂ ನಷ್ಟವಿಲ್ಲ.

18ನೇ ಶತಮಾನದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ತಕ್ಕಡಿ ಹಿಡಿದು ತೋರಿಸಿದ್ದು ಇದೇ ದ್ರವ್ಯರಾಶಿ ಸಂರಕ್ಷಣೆಯನ್ನು. ವಿಜಯನಗರದ ಗಾರೆಯವರು ಅದಕ್ಕೂ ಮೊದಲೇ ಅದರ ಮೇಲೆ ಭರವಸೆಯಿಟ್ಟು ಅರಮನೆ ಕಟ್ಟಿದ್ದರು. ಹಂಪಿ ಸುತ್ತಮುತ್ತಲಿನ ವಡ್ಡು, ಕಂಪ್ಲಿ, ಸಂಡೂರಿನ ಮಕ್ಕಳಿಗೆ ಈ ಪಾಠ ಕಲಿಯಲು ಕಮಲ ಮಹಲಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.