ಆಟದ ನಕಾಶೆಯಲ್ಲಿ ಮುಂಬಯಿ ಇಲಾಖೆ

ಇತಿಹಾಸದಿಂದ ಪಡೆದ ವಸ್ತುವನ್ನು ಕರ್ತೃವು ತನ್ನ ಇಚ್ಛೆಯಂತೆ ಮಾರ್ಪಡಿಸಬಹುದೇ ಎಂಬ ಪ್ರಶ್ನೆಯು ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಧನಂಜಯನು ದಶರೂಪಕದಲ್ಲಿ ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ಮೂರು ಬಗೆಯಾಗಿ ವಿಭಾಗಿಸಿರುವನು. ಪೂರ್ವಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದ ಅಂಶವಿದ್ದರೆ ಅದನ್ನು ಬಿಟ್ಟು ಬೇರೊಂದನ್ನು ಕಲ್ಪಿಸಬೇಕೆಂಬುದು ಆನಂದವರ್ಧನನ ಮತ. ಪುಲಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಕಾವ್ಯವನ್ನು ರಚಿಸಿದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದನು. ಆದುದರಿಂದ ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯು ೨೦೨೨ರಲ್ಲಿ ಹೊರತಂದ ‘ವಿಕ್ಟೋರಿಯಾ ೩’ ಎಂಬ ವಿಡಿಯೋ ಗೇಮು ಇತಿಹಾಸವನ್ನು ಕೆಡಿಸಿತೆಂದು ಕೋಪಿಸುವವರು ಮೊದಲು ಪಂಪನಿಗೆ ಉತ್ತರ ಹೇಳಬೇಕಾದೀತು.

ಆ ಆಟದ ಕಾಲವು ೧೮೩೬ರಿಂದ ೧೯೩೬ರ ವರೆಗಿನ ನೂರು ವರ್ಷ. ಆಡುವವನು ಯಾವುದಾದರೊಂದು ರಾಷ್ಟ್ರವನ್ನು ಕೈಗೆ ತೆಗೆದುಕೊಂಡು ಅದರ ಕಾಯಿದೆ, ಕಂದಾಯ, ಕಾರಖಾನೆಗಳನ್ನು ನಡೆಯಿಸುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯು ಅಲ್ಲಿ ಬ್ರಿಟನ್ನಿಗೆ ಅಧೀನವಾದ ಒಂದು ರಾಷ್ಟ್ರ. ಹೈದರಾಬಾದು, ಮೈಸೂರುಗಳು ಬೇರೆ ರಾಷ್ಟ್ರಗಳು. ಕಂಪನಿಯ ಸರಕಾರವು ಉರುಳದೆ ಉಳಿಯಬಹುದು, ಹೈದರಾಬಾದು ಸ್ವತಂತ್ರವಾಗಲೂಬಹುದು. ಇದು ಮಿಶ್ರವಸ್ತುವೇ ಸರಿ. ಇಲ್ಲಿ ದೋಷವನ್ನು ಹುಡುಕುವುದು ವ್ಯರ್ಥ.

ಹುಡುಕಬೇಕಾದದ್ದು ದೇಶೌಚಿತ್ಯವನ್ನು. ಆಟವು ಭೂಮಿಯನ್ನು ದೊಡ್ಡ ಖಂಡಗಳನ್ನಾಗಿ ವಿಭಾಗಿಸಿ, ಒಂದೊಂದು ಖಂಡದ ಪ್ರಜೆಗಳನ್ನು ವೃತ್ತಿ, ಮತ, ಸಂಸ್ಕೃತಿಗಳ ಮೇರೆಗೆ ರಾಶಿಹಾಕಿ ಎಣಿಸುತ್ತದೆ. ಜೀವನಮಾನವು ಇಳಿದರೆ ಅಸಂತುಷ್ಟರ ಸಂಖ್ಯೆಯು ಏರುವುದು. ಸಂಖ್ಯೆಯು ಏರಿದರೆ ಬಂಡಾಯದ ಭಯ. ಈ ಅಳತೆಗೋಲನ್ನು ೧೮೫೮ರ ಗದಗ ಸೀಮೆಗೆ ಹಿಡಿದು ನೋಡಬೇಕು. ಗದಗ-ಬೆಟಗೇರಿ, ಡಂಬಳ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮೀರಜ ಸಂಸ್ಥಾನದ ಹಿರಿಯ ಶಾಖೆಗೆ ಸೇರಿತ್ತು. ಅದರ ನೆರೆಯ ಶಿರಹಟ್ಟಿಯು ಸಾಂಗಲಿಯವರದು. ನರಗುಂದದಲ್ಲಿ ಭಾವೆ ಮನೆತನದ ಸಂಸ್ಥಾನ. ಪೂರ್ವಕ್ಕೆ ನಡೆದರೆ ಕೊಪ್ಪಳವು ಮೊಗಲಾಯಿ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ, ಮದ್ರಾಸ ಇಲಾಖೆ. ಒಂದು ದಿನದ ಸವಾರಿಯೊಳಗೆ ಸರಕಾರವು ಎಷ್ಟು ಸಲ ಬದಲಾಗುತ್ತಿತ್ತೆಂಬುದನ್ನು ವಾಚಕರು ಎಣಿಸಿಕೊಳ್ಳಬಹುದು.

ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಎದ್ದ ಬಂಡಾಯವು ಈ ತುಂಡುಗಡಿಗಳ ಮೇಲೆಯೇ ನಡೆಯಿತು. ಮುಂಡರಗಿಯ ಭೀಮರಾಯನು ಡಂಬಳದ ಖಜಾನೆಯನ್ನು ಕೊಳ್ಳೆಹೊಡೆದು, ಮುಂಬಯಿ ಇಲಾಖೆಯ ಗಡಿಯನ್ನು ದಾಟಿ, ನಿಜಾಮನ ಸೀಮೆಯ ಕೊಪ್ಪಳದ ಕೋಟೆಯನ್ನು ಹಿಡಿದನು. ಅವನನ್ನು ಮುತ್ತಲು ಬಂದ ಮೇಜರ್ ಹ್ಯೂಸನ ದಂಡು ಬಳ್ಳಾರಿಯ ಕಡೆಯದು. ಜೂನ್ ೧ರಂದು ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಮಡಿದರು. ಅದಕ್ಕೆ ಮೂರು ದಿನ ಹಿಂದೆ, ಮೇ ೨೯ರ ರಾತ್ರಿ, ನರಗುಂದದ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನನ್ನು ಕೊಂದಿದ್ದರು. ಇವೆಲ್ಲವುಗಳ ಕಾರಣವು ಅನ್ನವಸ್ತ್ರಗಳ ಸರಾಸರಿಯಲ್ಲಿ ಸಿಕ್ಕುವುದಿಲ್ಲ. ಮಕ್ಕಳಿಲ್ಲದ ಬಾಬಾಸಾಹೇಬನಿಗೆ ದತ್ತಕಕ್ಕೆ ಅನುಮತಿಯು ದೊರೆಯಲಿಲ್ಲ; ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ೧೮೫೭ರ ಕಾಯಿದೆಯು ದೇಸಾಯಿಗಳ ಮಾನಕ್ಕೆ ತಟ್ಟಿತು. ಪುತ್ರಾಭಾವವೂ ಮಾನಭಂಗವೂ ಒಂದೊಂದು ಮನೆಯ ಸಂಗತಿಗಳು. ಪ್ರಜೆಗಳನ್ನು ರಾಶಿಯಾಗಿ ಅಳೆಯುವ ಯಂತ್ರಕ್ಕೆ ಮನೆಯು ಕಾಣಿಸದು. ನರಗುಂದಕ್ಕೆ ಆ ನಕಾಶೆಯಲ್ಲಿ ರಾಷ್ಟ್ರವೆಂಬ ಹೆಸರೂ ಇಲ್ಲ.

ಹಾಗೆಂದು ಆಟದ ಗುಣವನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ವೀರರಸದಲ್ಲಿಯೇ ತೇಲುವ ಬಂಡಾಯದ ನಾಟಕಗಳು ಹತ್ತಿಯ ಧಾರಣೆಯ ಮಾತನ್ನೆತ್ತುವುದು ವಿರಳ. ಅಮೇರಿಕದ ಅಂತರ್ಯುದ್ಧದ (೧೮೬೧-೬೫) ಕಾಲಕ್ಕೆ ಆ ದೇಶದ ಹತ್ತಿಯು ನಿಂತು, ಧಾರವಾಡ ಸೀಮೆಯ ಹತ್ತಿಯ ಬೆಲೆಯು ಏರಿತಷ್ಟೆ. ದೂರದ ಯುದ್ಧವು ಇಲ್ಲಿಯ ಎರೆಹೊಲಕ್ಕೆ ಹೀಗೆ ಮುಟ್ಟುವ ಬಗೆಯನ್ನು ಆಟವು ತನ್ನ ಪೇಟೆಯ ಲೆಕ್ಕದಿಂದ ಚೆನ್ನಾಗಿ ತೋರಿಸಬಲ್ಲದು. ಅರ್ಥಶಾಸ್ತ್ರವನ್ನು ಕಲಿಸುವ ಉಪಾಧ್ಯಾಯರಿಗೆ ಇದು ಉಪಯೋಗಕ್ಕೆ ಬಂದೀತು.

ಇದರ ಎದುರಿಗೆ ೨೦೦೭ರ ‘ಏಜ್ ಆಫ್ ಎಂಪಾಯರ್ಸ್ ೩: ದಿ ಏಷಿಯನ್ ಡೈನಸ್ಟೀಸ್’ ಎಂಬುದನ್ನು ಇಡಬಹುದು. ಅದರಲ್ಲಿ ೧೮೫೭ರ ಕಥೆಯುಂಟು. ನಾಯಕನ ಹೆಸರು ನಾನಿಬ್ ಸಾಹಿರ್, ಕ್ರೂರನಾದ ಕರ್ನಲನು ಎಡ್ವರ್ಡಸನ್. ನಾನಾಸಾಹೇಬನ ಹೆಸರನ್ನು ತಿರುಚಿ ಈ ನಾಯಕನನ್ನು ಕರೆದಿರುವುದು ಕೇಳಿದೊಡನೆ ತಿಳಿಯುವುದು. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿದಾಗ ಎರಡು ಹೆಸರುಗಳೂ ಬೆಳಗಿದವು. ಇಲ್ಲಿ ನಿಜದ ಹೆಸರು ಹೋಯಿತು, ಹೊಸ ಹೆಸರಿಗೆ ವಂಶವಿಲ್ಲ, ಊರಿಲ್ಲ. ಆದರೂ ಅಲ್ಲಿ ಒಬ್ಬ ಮನುಷ್ಯನು ಅವಮಾನವನ್ನು ಕಂಡು ತಿರುಗಿ ಬೀಳುತ್ತಾನೆ. ಅಷ್ಟರ ಮಟ್ಟಿಗೆ ರಸಕ್ಕೆ ಆಶ್ರಯವುಂಟು. ‘ವಿಕ್ಟೋರಿಯಾ ೩’ರಲ್ಲಿ ಆಲಂಬನ ವಿಭಾವವೇ ದುರ್ಲಭ.

ಈ ಆಟವನ್ನು ಪಾಠಕ್ಕೆ ಬಳಸುವವರು ಅದರ ಬಳಿಯಲ್ಲಿ ೧೯೪೮ಕ್ಕೆ ಹಿಂದಿನ ಧಾರವಾಡ ಸೀಮೆಯ ನಕಾಶೆಯನ್ನೂ ಬಿಡಿಸಿಡುವುದು ಅವಶ್ಯ. ೧೯೯೭ರಲ್ಲಿ ರಚಿತವಾದ ಗದಗ ಜಿಲ್ಲೆಯೊಳಗೆ ಇಂದು ನರಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಒಂದೇ ಬಣ್ಣದಲ್ಲಿವೆ. ಹಳೆಯ ಗಡಿಗಳನ್ನು ಕಾಣದ ವಿದ್ಯಾರ್ಥಿಗೆ, ಭೀಮರಾಯನು ಕೊಪ್ಪಳಕ್ಕೆ ಹೋದುದು ಮತ್ತೊಬ್ಬ ದೊರೆಯ ಸೀಮೆಗೆ ಹೋದುದೆಂಬುದೇ ಹೊಳೆಯಲಾರದು.