ನಗಿಸಿ ಒಳಬರುವ ಹಾಡು

ಓಲಿ ಶುಲ್ಟ್ಸ್ ಎಂದರೆ ಜರ್ಮನಿಯಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಆತನ ಮಾತು. ಟಿವಿ ಹಾಸ್ಯಗಾರ ಯಾನ್ ಬೋಮರ್‌ಮನ್ ಜತೆ 2016ರಲ್ಲಿ ಸ್ಪಾಟಿಫೈಯಲ್ಲಿ ಶುರು ಮಾಡಿದ ‘ಫೆಸ್ಟ್ ಉಂಟ್ ಫ್ಲೌಷಿಶ್’ ಪಾಡ್‌ಕಾಸ್ಟ್ ಅಲ್ಲಿ ಮನೆಮಾತು. ಅದಕ್ಕೂ ಮೊದಲು ಇದೇ ಜೋಡಿ ರೇಡಿಯೊದಲ್ಲಿ ಹರಟುತ್ತಿತ್ತು; ಟಿವಿಯಲ್ಲೂ ಅತಿಥಿಗಳನ್ನು ದುಂಡುಮೇಜಿನ ಸುತ್ತ ಕೂರಿಸಿಕೊಂಡು ಮಾತಾಡಿಸಿತು. ಈ ಮಾತಿನ ಭರಾಟೆಯಲ್ಲಿ ಹಾಡುಗಾರ ಶುಲ್ಟ್ಸ್ ಹಿಂದೆ ಸರಿದುಹೋದನಲ್ಲ ಎಂಬುದೇ ನನ್ನ ಸಂಕಟ.

1973ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಈತನ ಮೊದಲ ಆಲ್ಬಂ ಬಂದದ್ದು 2003ರಲ್ಲಿ, ‘ಓಲಿ ಶುಲ್ಟ್ಸ್ ಮತ್ತು ನಾಯಿ ಮಾರಿ’ ಎಂಬ ಹೆಸರಿನಲ್ಲಿ. ಮಾರಿ ಎಂಬ ನಾಯಿ ಬೇರಾರೂ ಅಲ್ಲ, ಜತೆಗಾರ ಮ್ಯಾಕ್ಸ್ ಶ್ರೋಡರ್! ಹೊರತಂದದ್ದು ಹ್ಯಾಂಬರ್ಗ್‌ನ ಸಂಗೀತಗಾರರೇ ಸೇರಿ ಹಿಂದಿನ ವರ್ಷ ಕಟ್ಟಿದ್ದ ‘ಗ್ರಾಂಡ್ ಹೋಟೆಲ್ ಫಾನ್ ಕ್ಲೇಫ್’ ಎಂಬ ಪುಟ್ಟ ಸಂಸ್ಥೆ. ನೀನು ನನ್ನ ಎದೆ ಒಡೆದರೆ ನಾನು ನಿನ್ನ ಕಾಲು ಮುರಿಯುತ್ತೇನೆ ಎಂಬುದು ಆಲ್ಬಂನ ಶೀರ್ಷಿಕೆ. ಓದಿದ ಕೂಡಲೇ ನಗು ಬರುತ್ತದೆ. ನಗು ಇಳಿದ ಮೇಲೆ, ಪೆಟ್ಟು ತಿಂದವನೊಬ್ಬ ಅಳು ನುಂಗಿಕೊಂಡು ಆಡಿದ ಮಾತು ಇದು ಎಂದು ಹೊಳೆಯುತ್ತದೆ. ಶುಲ್ಟ್ಸ್‌ನ ಕಸುಬುಗಾರಿಕೆ ಇರುವುದೇ ಇಲ್ಲಿ. ತುಸು ಒರಟು ಕಂಠ, ಹಾಡಿಗಿಂತ ಮಾತಿಗೇ ಹತ್ತಿರವಾದ ಧಾಟಿ; ತಮಾಷೆ ಬಾಗಿಲು ತೆರೆಸುತ್ತದೆ, ಅದರ ಹಿಂದೆಯೇ ದುಃಖ ಒಳಗೆ ಬಂದು ಕೂರುತ್ತದೆ.

ಟಿವಿಗೆ ಬೇಕಾದದ್ದು ಮೊದಲರ್ಧ ಮಾತ್ರ. 2009ರಲ್ಲಿ ಜರ್ಮನಿಯ ರಾಜ್ಯ ರಾಜ್ಯಗಳು ಸೆಣಸುವ ಟಿವಿ ಹಾಡಿನ ಸ್ಪರ್ಧೆಗೆ ಹ್ಯಾಂಬರ್ಗ್ ಪರವಾಗಿ ಹೋದಾಗ ಈತ ಹಾಡಿದ್ದು ಸೆಸಮಿ ಸ್ಟ್ರೀಟ್‌ನ ಹಳದಿ ಹಕ್ಕಿಯ ಕುಣಿತದ ಹಾಡು. ಜನ ಅದನ್ನೇ ಹಿಡಿದುಕೊಂಡರು. ಆಮೇಲೆ ‘ಸರ್ಕಸ್ ಹಲ್ಲಿಗಲ್ಲಿ’ ಎಂಬ ಟಿವಿ ಕಾರ್ಯಕ್ರಮದ ಚೇಷ್ಟೆಗಳು, ಗಾಯಕ ಗುಂಟರ್ ಗಾಬ್ರಿಯೆಲ್‌ನ ಹಳೆಯ ದೋಣಿಮನೆಯನ್ನು ರಿಪೇರಿ ಮಾಡುವ 2021ರ ನೆಟ್‌ಫ್ಲಿಕ್ಸ್ ಸರಣಿ, ಹೀಗೆ ಸಾಗಿತು.

ಆದರೆ 2015ರ ‘ಫೀಲಿಂಗ್ಸ್ ಔಸ್ ಡೆರ್ ಆಶೆ’ ಆಲ್ಬಂ ಕೇಳಿ. ಟಿವಿಯಲ್ಲಿ ಹೆಸರು ಮಾಡಿದ ಮೇಲೆಯೂ ಈತ ಆ ಹೆಸರನ್ನು ಹಾಡಿನೊಳಗೆ ದುಡಿಸಿಕೊಳ್ಳಲಿಲ್ಲ. ನಡುವಯಸ್ಸಿಗೆ ಕಾಲಿಟ್ಟವನ ದಣಿವು ಅಲ್ಲಿ ಆತುರವಿಲ್ಲದೆ ಬಿಚ್ಚಿಕೊಳ್ಳುತ್ತದೆ. ಸಂಗೀತ ನಿಜಕ್ಕೂ ದೊಡ್ಡದಾಗಿದ್ದ ಕಾಲವನ್ನು ನೆನೆಯುವ ಹಾಡಂತೂ, ಕ್ಯಾಸೆಟ್ ತಿರುವಿ ಹಾಕಿ ಬೆಳೆದವರಿಗೆಲ್ಲ ನೇರ ನಾಟುತ್ತದೆ. ಜರ್ಮನ್ ಬಾರದಿದ್ದರೆ ಅನುವಾದ ಪಕ್ಕದಲ್ಲಿಟ್ಟುಕೊಂಡು ಈ ಆಲ್ಬಂನಿಂದಲೇ ಶುರು ಮಾಡಿ, ಆಮೇಲೆ 2003ರದ್ದಕ್ಕೆ ಹಿಂತಿರುಗಿ. ಪಾಡ್‌ಕಾಸ್ಟ್ ಕೊನೆಗಿರಲಿ.